ಕುಂದಾದೊಳಗಿನ ಇನ್ಸುಲಿನ್

ಕಂತು ಏಳು

ರತ್ನಮಾಲಾ ಉಪಾಧ್ಯೆ ಇನ್ಸುಲಿನ್ ಬಾಟಲಿಯ ಮುಚ್ಚಳವನ್ನು ಅಡಿಗೆಮನೆಯ ಚಾಕುವಿನಿಂದ ಎಬ್ಬಿಸಿ, ಒಳಗಿದ್ದುದನ್ನೆಲ್ಲ ಅರ್ಧ ಲೋಟ ನೀರಿಗೆ ಸುರಿದು, ಇನ್‌ಸ್ಪೆಕ್ಟರ್ ಸೋಮಲಿಂಗನ ಕಣ್ಣೆದುರಿಗೇ ಗಟಗಟನೆ ಕುಡಿದುಬಿಟ್ಟಳು.

"ಅಯ್ಯಯ್ಯ, ಮೇಡಂ!" ಸೋಮಲಿಂಗ ಕುರ್ಚಿಯಿಂದ ಜಿಗಿದೆದ್ದ. "ಏನ ಮಾಡಿದ್ರಿ ಇದು? ನಾನೂರ ಯೂನಿಟ್ ಐತ್ರಿ ಅದರಾಗ!"

"ಐತಿ. ಅಂಗಡಿಯಿಂದ ತರಿಸಿದವ್ರು ನೀವು, ಸೀಲ್ ನೋಡಿದವ್ರೂ ನೀವ." ಅವಳು ಸೆರಗಿನಿಂದ ತುಟಿ ಒರೆಸಿಕೊಂಡಳು. "ಗಡಿಯಾರ ನೋಡ್ರಿ. ಹತ್ತೂ ನಲವತ್ತು. ಈಗ ನನ್ನ ರಕ್ತದಾಗ ಸಕ್ರಿ ಎಷ್ಟಿತ್ತು?"

"ನೂರಾ ಆರು."

"ಬರಕೋರಿ. ಮುಕ್ಕಾಲ ತಾಸಿನ ಮ್ಯಾಲೆ ಮತ್ತ ನೋಡೂಣು. ಅಷ್ಟರಾಗ ನಾ ಸತ್ರ ನಿಮ್ಮ ಲಾಕಪ್ಪಿನಾಗಿನ ಹುಡುಗಿ ಸಾಕ್ಷಿ ಕೊಲೆಗಾರ್ತಿ. ಸಾಯಲಿಲ್ಲಂದ್ರ ನೀವು ಯಾರು ಅನ್ನೂದನ್ನ ಆಮ್ಯಾಲೆ ಹೇಳತೀನಿ."

ಖಾನಾಪುರದ ಭತ್ತದ ವ್ಯಾಪಾರಿ ದುಂಡಪ್ಪ ಸೋಮವಾರ ಬೆಳಿಗ್ಗೆ ಇದೇ ಮನೆಯ ದೇವರಕೋಣೆಯಲ್ಲಿ ಎಚ್ಚರ ತಪ್ಪಿ ಬಿದ್ದವರು, ಗುರುವಾರವಾದರೂ ಬೆಳಗಾವಿಯ ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಿರಲಿಲ್ಲ. ಕಿರಿಯ ಸೊಸೆ ಸಾಕ್ಷಿ ನಿನ್ನೆ ಸಂಜೆಯಿಂದ ಲಾಕಪ್ಪಿನಲ್ಲಿದ್ದಳು. ಇವತ್ತು ಸಂಜೆ ಐದರೊಳಗೆ ಅವಳನ್ನು ನ್ಯಾಯಾಧೀಶರ ಮುಂದೆ ನಿಲ್ಲಿಸಬೇಕು. ನಿಲ್ಲಿಸಿದರೆ ಜೈಲು. ಅಷ್ಟರಲ್ಲಿ ಮುದುಕರ ಉಸಿರು ನಿಂತರೆ ಕೊಲೆಯ ಆರೋಪ.

ಅವಳ ವಿರುದ್ಧ ಇದ್ದ ಪುರಾವೆ ಇಷ್ಟೇ. ಹಾಲಿನ ಸಿಹಿ ಕುಂದಾ ಒಂದು ಬಾಣಲೆ, ಅತ್ತೆಯ ಸಕ್ಕರೆ ಕಾಯಿಲೆಗೆಂದು ತಂದಿಟ್ಟಿದ್ದ ಇನ್ಸುಲಿನ್ ಬಾಟಲಿ ಎರಡೇ ದಿನದಲ್ಲಿ ಅರ್ಧ ಖಾಲಿಯಾಗಿದ್ದದ್ದು, ಮತ್ತು ಭಾವ ಬಸವಪ್ರಸಾದನ ಎರಡು ಕಣ್ಣು. ರವಿವಾರ ಸಂಜೆ ಸಾಕ್ಷಿ ಒಲೆಯ ಮೇಲಿನ ಕುಂದಾಕ್ಕೆ ಇನ್ಸುಲಿನ್ ಸುರಿದದ್ದನ್ನು ಆ ಕಣ್ಣುಗಳು ನೋಡಿದ್ದವಂತೆ. ಎತ್ತು ಈಯಿತು ಅಂದರೆ ಕೊಟ್ಟಿಗೆಯಲ್ಲಿ ಕಟ್ಟು ಅನ್ನುವ ಬುದ್ಧಿ ಸೋಮಲಿಂಗನದು. ಕೇಳಿದ್ದೇ ತಡ, ಬಾಣಲೆಯನ್ನು ಸೀಲು ಮಾಡಿಸಿ, ಹುಡುಗಿಯನ್ನು ಜೀಪಿಗೆ ಹತ್ತಿಸಿದ್ದ.

ಬೆಳಗಾವಿಯಲ್ಲಿ ಮೂವತ್ತೊಂದು ವರ್ಷ ಜೀವರಸಾಯನ ಕಲಿಸಿ ನಿವೃತ್ತಳಾದ ರತ್ನಮಾಲಾಳಿಗೆ ದಡ್ಡರನ್ನು ಕಂಡರೆ ಸಿಟ್ಟು ಬರುತ್ತಿರಲಿಲ್ಲ, ಹೇಸಿಗೆಯಾಗುತ್ತಿತ್ತು. ಹುಟ್ಟಿನಿಂದ ಬಂದ ದಡ್ಡತನವಾದರೆ ಹೋಗಲಿ ಅನ್ನಬಹುದು. ತಿಂಗಳಾ ತಿಂಗಳಾ ಸಂಬಳ ಎಣಿಸಿಕೊಂಡು ಮಾಡುವ ದಡ್ಡತನಕ್ಕೆ ಕ್ಷಮೆಯೆಲ್ಲಿಯದು? ಸಾಕ್ಷಿ ಅವಳ ಕೈಯಲ್ಲಿ ಕಲಿತವಳು. ಆ ಹುಡುಗಿ ಯಾರನ್ನಾದರೂ ಕೊಂದಳು ಅಂದರೆ ನಂಬುವುದು ಕಷ್ಟ. ಇಷ್ಟು ಕೆಟ್ಟದಾಗಿ ಕೊಲ್ಲಲು ಹೋದಳು ಅಂದರೆ ನಂಬುವುದು ಸಾಧ್ಯವೇ ಇರಲಿಲ್ಲ.

"ಕುಂದರ್ರಿ ಸಾಹೇಬ್ರ," ಅಂದಳು. "ನಾ ಸಾಯೂದು ನೋಡಾಕ ನಿಂತ ಕಾಯಬೇಕಂತಿಲ್ಲ. ಇವತ್ತ ಮುಂಜಾನೆ ಏನ ತಿಂದ್ರಿ?"

"ರೊಟ್ಟಿ, ಹೆಸರಕಾಳ ಪಲ್ಯ."

"ಹೆಸರಕಾಳಿನಾಗ ಪ್ರೋಟೀನ್ ಐತಿ. ಅದು ನಿಮ್ಮ ರಕ್ತದಾಗ ಹೆಸರಕಾಳ ಆಗೇ ಓಡ್ಯಾಡಾಕ ಹತ್ತೇತೇನು?"

ಸೋಮಲಿಂಗ ತನ್ನ ಹೊಟ್ಟೆಯ ಕಡೆ ನೋಡಿಕೊಂಡ. ಅಲ್ಲಿ ನೋಡುವಷ್ಟು ಇತ್ತು.

"ಪ್ರೋಟೀನ್ ಅಂದ್ರ ಮಣಿಸರ ಇದ್ದಂಗ್ರಿ. ಅಮೈನೋ ಆಮ್ಲ ಅನ್ನೂವು ಇಪ್ಪತ್ತು ನಮೂನಿ ಮಣಿ. ಅವನ್ನ ಬ್ಯಾರೆ ಬ್ಯಾರೆ ಸಾಲಿನಾಗ ಪೋಣಿಸಿದ್ರ ನಿಮ್ಮ ಕೂದಲಾ ಆಗತೈತಿ, ಹಾಲಿನ ಕೆನಿಯಾಗಿಂದೂ ಆಗತೈತಿ, ಹೆಸರಕಾಳಿಂದೂ ಆಗತೈತಿ. ಇನ್ಸುಲಿನ್ ಅಂದ್ರ ಅಂಥಾ ಐವತ್ತೊಂದು ಮಣಿ. ಅದೂ ಪ್ರೋಟೀನ್. ಹೊಟ್ಟಿಗೆ ಹೋತಂದ್ರ, ಇದು ದುಬಾರಿ ಔಷಧ, ಇದನ್ನ ಬಿಡೂಣು ಅಂತ ಹೊಟ್ಟಿ ಅನ್ನೂದಿಲ್ಲ. ದಾರ ಕತ್ತರಿಸಿ ಮಣಿ ಮಣಿ ಬ್ಯಾರೆ ಮಾಡಿ ಹಾಕತೈತಿ. ಬ್ಯಾಳಿಗೆ ಏನ ಮಾಡತೈತಿ, ಇದಕ್ಕೂ ಅದನ್ನ ಮಾಡತೈತಿ. ಅದಕ್ಕ ನೋಡ್ರಿ, ಸಕ್ರಿ ಕಾಯಿಲೆಯವ್ರು ದಿನಾ ಚುಚ್ಚಕೋತಾರ. ಕುಡದ್ರ ನಡೀತಿತ್ತು ಅಂದ್ರ ಗಂಗಾದೇವಿಯವ್ರು ಹೊಟ್ಟಿ ಮ್ಯಾಲ ತೂತ ಮಾಡ್ಕೊಳ್ಳಾಕ ಅವ್ರಿಗೇನ ಹುಚ್ಚೇನು?"

ಅಡಿಗೆಮನೆಯ ಬಾಗಿಲ ಬಳಿ ನೆಲದ ಮೇಲೆ ಕೂತಿದ್ದ ದುಂಡಪ್ಪನ ಹೆಂಡತಿ ಗಂಗಾದೇವಿ ಮೆಲ್ಲಗೆ ತಲೆಯೆತ್ತಿ ನೋಡಿದರು. ಮೂರು ದಿನದಿಂದ ಅವರು ಯಾರ ಮಾತಿಗೂ ತಲೆಯೆತ್ತಿರಲಿಲ್ಲ.

"ಅದೂ ಉರಿ ಮ್ಯಾಲಿನ ಕುಂದಾಕ್ಕ ಸುರದಾಳಂತ," ರತ್ನಮಾಲಾ ಮುಂದುವರಿಸಿದಳು. "ಕುದಿಯೋ ಖವಾದಾಗ ಪ್ರೋಟೀನ್ ಇದ್ದಂಗ ಉಳಿತೈತೇನ್ರಿ? ಒಡದ ಹಾಲನ್ನ ತಿರುಗಿ ಹಾಲ ಮಾಡಿದವ್ರನ್ನ ಎಲ್ಲೆರ ನೋಡೀರಿ? ಮೊದಲ ಬೇಯಿಸಿ ಕೆಡಿಸಿ, ಆಮ್ಯಾಲೆ ಹೊಟ್ಟ್ಯಾಗ ಕತ್ತರಿಸಿ, ಎರಡ ಸಲ ಸತ್ತ ಔಷಧದಿಂದ ಮನಷ್ಯಾನ್ನ ಕೊಂದಾಳು! ಏನ ಜಾಣ ಕೇಸ್ರೀ ನಿಮ್ಮದು."

ಅಷ್ಟು ಹೊತ್ತೂ ಪಡಸಾಲೆಯ ಕಂಬಕ್ಕೆ ಒರಗಿ ಮೊಬೈಲು ತಿಕ್ಕುತ್ತಿದ್ದ ಹಿರಿಮಗ ಬಸವಪ್ರಸಾದ ಒಳಗೆ ಬಂದ. ನಲವತ್ತರ ಆಳು. ಅಪ್ಪ ಆಸ್ಪತ್ರೆಯಲ್ಲಿದ್ದರೂ ಅಂಗಿಯ ಇಸ್ತ್ರಿ ಮುರಿದಿರಲಿಲ್ಲ.

"ನಿಮ್ಮ ಪಾಠ ಎಲ್ಲಾ ಖರೇ ಇರಬಹುದ್ರಿ ಮೇಡಂ," ಅಂದ. "ಆದ್ರ ನಾ ಕಣ್ಣಾರೆ ನೋಡೀನಿ. ಆಕಿ ಕೈಯಾಗ ಬಾಟ್ಲಿ ಇತ್ತು."

"ಎಷ್ಟ ಗಂಟೆಕ್ಕ?"

"ರವಿವಾರ ಸಂಜೀಕ ಆರಕ್ಕ."

"ಬಾಟ್ಲಿಯಿಂದ ಕುಂದಾಕ್ಕ ಬಿದ್ದದ್ದನ್ನ ನೋಡಿದ್ರ್ಯಾ?"

"ಹೂಂನ್ರಿ. ಧಾರಿ ಬಿದ್ದಂಗ ಬಿತ್ತು."

"ನೋಡಿ ಏನಂದ್ರಿ?"

"ಏನೂ ಅನ್ನಲಿಲ್ಲ. ಮನ್ಯಾಗ ಜಗಳ ಯಾಕಂತ ಸುಮ್ಮನಾದೆ."

"ಶಾಣ್ಯಾ. ಆ ಕುಂದಾ ರಾತ್ರಿ ಊಟಕ್ಕ ಎಲ್ಲಾರಿಗೂ ಬಡಿಸಿದ್ರಲ್ಲ. ನೀವೆಷ್ಟ ತಿಂದ್ರಿ?"

ಬಸವಪ್ರಸಾದ ಅಂಗಿಯ ತೋಳು ಸರಿಮಾಡಿಕೊಂಡ.

ಉತ್ತರ ನೆಲದಿಂದ ಬಂತು. "ಎರಡ ಬಟ್ಟಲ ತಿಂದಾನ್ರಿ," ಅಂದರು ಗಂಗಾದೇವಿ. "ಮೂರನೇದು ಕೇಳಿದ್ದ. ನಾನ ಬ್ಯಾಡ ಅಂದೆ."

ಸೋಮಲಿಂಗನ ಪೆನ್ನು ಕಾಗದದ ಮೇಲೆ ನಿಂತಿತು. ರತ್ನಮಾಲಾ ಬಸವಪ್ರಸಾದನನ್ನು ಕಾಲಿನಿಂದ ತಲೆಯವರೆಗೆ ನೋಡಿದಳು. ಪರೀಕ್ಷೆಯಲ್ಲಿ ನಕಲು ಮಾಡುವಾಗಲೂ ತಪ್ಪು ಉತ್ತರವನ್ನೇ ಆರಿಸಿ ನಕಲು ಮಾಡುವ ಹುಡುಗರನ್ನು ಅವಳು ಸಾಕಷ್ಟು ನೋಡಿದ್ದಳು.

"ಇಸ ಬಿದ್ದದ್ದನ್ನ ಕಣ್ಣಾರೆ ನೋಡಿ, ಅದನ್ನ ಎರಡ ಬಟ್ಟಲ ತಿಂದ್ರಿ. ನಿಮಗ ಜೀವದ ಮ್ಯಾಲ ಅಷ್ಟ ಬೇಸರ ಬಂದಿತ್ತೋ, ಇಲ್ಲಾ ನೀವು ನೋಡಿದ್ದ ಸುಳ್ಳೋ?"

"ಬೀಳೂದನ್ನ... ಅಂದ್ರ, ಬಿದ್ದಿರಬೇಕು ಅಂತ..." ಅವನ ಮುಖ ಇಳಿಯಿತು. "ಬಾಟ್ಲಿ ಹಿಡಕೊಂಡಿದ್ದಂತೂ ಖರೇ. ಅವ್ವಗ ಸೂಜಿ ಮಾಡಾಕೂ ಇರಬಹುದು."

"ಮತ್ತ ಧಾರಿ?"

ಅವನು ತಿರುಗಿ ಪಡಸಾಲೆಯ ಕಂಬಕ್ಕೆ ಹೋಗಿ ಮೊಬೈಲು ತೆಗೆದ. ಅವನ ಹೊಟ್ಟೆಯ ಉರಿ ಯಾವುದೆಂದು ಖಾನಾಪುರಕ್ಕೆಲ್ಲ ಗೊತ್ತಿತ್ತು. ಪಾರಿಶ್ವಾಡದ ಹೊಲವನ್ನು ದುಂಡಪ್ಪ ಆ ಸೋಮವಾರವೇ ಮಧ್ಯಾಹ್ನ ಸಾಕ್ಷಿಯ ಹೆಸರಿಗೆ ಬರೆದುಕೊಡುವವರಿದ್ದರು. ಕುಂದಾ ಮಾಡಿದ್ದೂ ಅದೇ ಸಂತೋಷಕ್ಕೆ. ಮಾವ ಇನ್ನೊಂದು ದಿನ ನೆಟ್ಟಗಿದ್ದರೆ ಲಾಭವಾಗುತ್ತಿದ್ದದ್ದು ಸಾಕ್ಷಿಗೆ. ಇಷ್ಟು ಸರಳ ಲೆಕ್ಕವೂ ಪೊಲೀಸರ ತಲೆಗೆ ಹೊಳೆಯಲಿಲ್ಲವಲ್ಲ ಎಂದು ರತ್ನಮಾಲಾಳಿಗೆ ನಗು ಬಂತು.

ನಗುವನ್ನು ತಡೆದು ಅವಳು ಗಂಗಾದೇವಿಯ ಎದುರು ನೆಲಕ್ಕೆ ಕೂತಳು.

"ಸೋಮವಾರ ಮುಂಜಾನೆ ಏನೇನಾತು, ಒಂದೊಂದ ಹೇಳ್ರಿ. ಅವಸರ ಇಲ್ಲ."

"ಏನಿಲ್ರಿ ಅಕ್ಕಾರ. ಯಾವಾಗಲೂ ಆದಂಗ ಆತು. ಏಳಕ್ಕ, ನಾ ಹಿತ್ತಲದಾಗ ಹೂ ಹರಿಯೂ ಹೊತ್ತಿಗೆ, ಸೂಜಿ ಮಾಡಿಸ್ಕೊಂಡ್ರು, ಜಳಕಕ್ಕ ಹ್ವಾದ್ರು, ಪೂಜಾಕ್ಕ ಕುಂತ್ರು."

"ಸೂಜಿ? ಯಾವ ಸೂಜಿ?"

"ಅವ್ರಿಗೆ ಕಾಲ ಜುಮುಗುಡತಾವಲ್ರಿ. ವಿಟಮಿನ್ ಸೂಜಿ. ಪ್ರತಿ ಸೋಮವಾರ ಕಲ್ಲಯ್ಯಾರು ಬಂದು ಮಾಡಿ ಹೋಗತಾರ. ಸೂಜಿ ಮುಟ್ಟಿದ ಮೈಲೆ ಲಿಂಗಾ ಹಿಡಿಯೂದಿಲ್ಲ ಇವ್ರು. ಅದಕ್ಕ ಜಳಕಕ್ಕಿಂತ ಮೊದಲ."

ರತ್ನಮಾಲಾ ತಿರುಗಿ ಸೋಮಲಿಂಗನನ್ನು ನೋಡಿದಳು. ಅವನ ಪಂಚನಾಮೆಯಲ್ಲಿ ಬಾಣಲೆ ಇತ್ತು, ಸೌಟು ಇತ್ತು, ತುಪ್ಪದ ಗಿಂಡಿಯೂ ಇತ್ತು. ಸೂಜಿ ಇರಲಿಲ್ಲ.

"ಪೂಜಾಕ್ಕ ಕುಂತ ಮ್ಯಾಲೆ?"

ಗಂಗಾದೇವಿ ದೇವರಕೋಣೆಯ ಕಡೆ ನೋಡಿದರು. ದನಿ ತೀರ ಸಣ್ಣದಾಗಿತ್ತು.

"ಶ್ರಾವಣ ಸೋಮವಾರ ಅಲ್ರಿ. ಎರಡ ತಾಸ ಕುಂದರತಾರ. ಎಡಗೈಯಾಗ ಲಿಂಗಾ ಹಿಡದ್ರಂದ್ರ ಮನಿಗೆ ಬೆಂಕಿ ಬಿದ್ರೂ ಕರೆಯೂಹಂಗಿಲ್ಲ. ಒಂದ ಹನಿ ನೀರ ಸುದ್ದಾ ತಗೊಳ್ಳೂದಿಲ್ಲ. ಎಂಟರ ಸುಮಾರಿಗೆ ನಾ ಹೂವಿನ ಬುಟ್ಟಿ ಇಡಾಕ ಹೋಗಿದ್ದೆ. ಕೈ ನಡಗಾಕ ಹತ್ತಿತ್ತು. ಮೈ ತುಂಬಾ ಬೆವರು. ಕಣ್ಣ ತೆರೆದಾವ, ಆದ್ರ ನನ್ನ ನೋಡವಲ್ಲವು. ನಾ ಏನ ತಿಳಕೊಂಡೆ ಗೊತ್ತೇನ್ರಿ? ಲಿಂಗದಾಗ ಲೀನ ಆಗ್ಯಾರ, ಎಂಥಾ ಪುಣ್ಯಾತ್ಮ ನನ್ನ ಗಂಡ ಅಂತ ಕೈ ಮುಗದೆ. ಹೊರಗ ಬಂದು ಯಾರೂ ಸಪ್ಪಳ ಮಾಡಬ್ಯಾಡ್ರಿ ಅಂದೆ. ಒಂಬತ್ತೂವರೀಗೆ ಬಿದ್ದ ಸಪ್ಪಳ ಕೇಳಿತು."

ರತ್ನಮಾಲಾ ಆ ಮುದುಕಿಯ ಕೈ ಹಿಡಿದಳು. ಜಗತ್ತಿನಲ್ಲಿ ಮುಕ್ಕಾಲು ಮಂದಿಯನ್ನು ತಾತ್ಸಾರ ಮಾಡಿ ಬದುಕಿದ ಅವಳಿಗೆ, ಇಲ್ಲಿ ತಾತ್ಸಾರ ಮಾಡಲು ಏನೂ ಸಿಗಲಿಲ್ಲ. ಸಂಕಟವಾಯಿತು. ಒಂದು ಚಮಚ ಸಕ್ಕರೆಯನ್ನು ನಾಲಿಗೆಗೆ ಹಚ್ಚಿದ್ದರೆ ಆ ಮನುಷ್ಯ ಇವತ್ತು ಅಂಗಡಿಯಲ್ಲಿ ಕೂತಿರುತ್ತಿದ್ದ. ಮಿದುಳಿಗೆ ಬೇಕಾದದ್ದು ಸಕ್ಕರೆ. ಇನ್ಸುಲಿನ್ ಹೆಚ್ಚಾಗಿ ರಕ್ತದ ಸಕ್ಕರೆಯೆಲ್ಲ ಖಾಲಿಯಾದರೆ ಮೊದಲು ಕೈ ನಡುಗುತ್ತದೆ, ಬೆವರು ಬರುತ್ತದೆ, ಆಮೇಲೆ ಬುದ್ಧಿ ಮಂಕಾಗುತ್ತದೆ. ಅದನ್ನು ಈ ಮನೆಯವರು ಭಕ್ತಿ ಅಂದುಕೊಂಡರು.

ಮಾಡಿದವನಿಗೆ ಅದು ಗೊತ್ತಿತ್ತು. ಸೂಜಿಯ ಮೇಲೆ ಸ್ನಾನ, ಸ್ನಾನದ ಮೇಲೆ ಪೂಜೆ, ಪೂಜೆ ಮುಗಿಯುವವರೆಗೆ ಅನ್ನ ನೀರು ಇಲ್ಲ, ಯಾರೂ ಮುಟ್ಟುವುದಿಲ್ಲ. ಒಬ್ಬ ಶರಣನ ನೇಮವನ್ನೇ ಹಿಡಿದು ಅವನ ಕತ್ತು ಹಿಸುಕಿದ್ದರು. ಅವಳ ಮೈ ಉರಿಯಿತು.

"ಆ ಸೂಜಿ ಎಲ್ಲೈತ್ರಿ?"

"ಕಿಡಕ್ಯಾಗ ಇತ್ತು. ನಾನ ಹಿತ್ತಲ ಕಸದ ಬುಟ್ಟಿಗೆ ಒಗದೆ. ಈ ಸಲ ಅದು ಸ್ವಚ್ಛ ಇತ್ರಿ. ನೀರಿನಂಗ. ಪ್ರತಿ ಸಲ ಅದರಾಗ ಕೆಂಪ ಹತ್ತಿರತಿತ್ತು, ದಾಳಿಂಬಿ ರಸಾ ಹತ್ತಿದಂಗ."

ಹಿತ್ತಲಿನ ಬುಟ್ಟಿಯನ್ನು ಯಾರೂ ಚೆಲ್ಲಿರಲಿಲ್ಲ. ಹಾಲಿನ ಪಾಕೀಟು, ಬಾಡಿದ ಹೂವುಗಳ ಕೆಳಗೆ ಸಿರಿಂಜು ಸಿಕ್ಕಿತು. ಸೋಮಲಿಂಗ ಅದನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕುವಾಗ ಅವನ ಕಿವಿಗಳು ಕೆಂಪಾಗಿದ್ದವು.

"ಬಿ ಹನ್ನೆರಡು ಅನ್ನೂ ವಿಟಮಿನ್ ಕೆಂಪಗಿರತೈತ್ರಿ," ಅಂದಳು ರತ್ನಮಾಲಾ. "ಅದರ ನಡುವ ಕೋಬಾಲ್ಟ್ ಅನ್ನೂ ಲೋಹ ಕುಂತಿರತೈತಿ, ಅದರಿಂದ ಆ ಬಣ್ಣ. ಈ ಮನ್ಯಾಗಿನ ಇನ್ಸುಲಿನ್ ನೀರಿನಂಗ. ಸೋಮವಾರ ಈ ಸಿರಿಂಜಿನಾಗ ಹೋದದ್ದು ಕೆಂಪಂದಲ್ಲ. ನಿಮ್ಮ ಪ್ರಯೋಗಾಲಯದವ್ರು ಇದನ್ನ ಆರ ತಿಂಗಳ ಬಿಟ್ಟು ಹೇಳತಾರ. ನಾ ಈಗ ಹೇಳಾಕ ಹತ್ತೀನಿ."

ಅಷ್ಟರಲ್ಲಿ ಬೆಳಗಾವಿಯಿಂದ ಫೋನು ಬಂತು. ದುಂಡಪ್ಪನಿಗೆ ಗ್ಲುಕೋಸ್ ಹಚ್ಚುವ ಮುಂಚೆ ತೆಗೆದಿದ್ದ ರಕ್ತವನ್ನು ಇನ್ಸುಲಿನ್ನಿಗಾಗಿ ಪರೀಕ್ಷಿಸಿ ಎಂದು ರತ್ನಮಾಲಾ ಆಸ್ಪತ್ರೆಯವರಿಗೆ ನಿನ್ನೆ ರಾತ್ರಿಯೇ ಹೇಳಿದ್ದಳು. ವರದಿ ಬಂದಿತ್ತು. ಕೇಳಿಸಿಕೊಂಡು, ಫೋನಿಟ್ಟು, ಅವಳು ಸೋಮಲಿಂಗನಿಗೆ ವಿವರಿಸಿದಳು.

"ನಮ್ಮ ಮೈ ಇನ್ಸುಲಿನ್ ಮಾಡೂ ಮುಂದ ಮೊದಲ ಒಂದ ಉದ್ದ ಸರಾ ಮಾಡತೈತ್ರಿ. ಆಮ್ಯಾಲೆ ನಡುವಿಂದ ಒಂದ ತುಂಡ ಕತ್ತರಿಸಿ ತಗೀತೈತಿ. ಆ ತುಂಡಿಗೆ ಸಿ-ಪೆಪ್ಟೈಡ್ ಅಂತಾರ. ಎರಡೂ ಕೂಡೇ ರಕ್ತಕ್ಕ ಇಳಿತಾವ. ಬಾಟ್ಲಿ ಇನ್ಸುಲಿನ್ನಿನ ಜೋಡಿ ಆ ತುಂಡ ಇರೂದಿಲ್ಲ. ದುಂಡಪ್ಪನವ್ರ ರಕ್ತದಾಗ ಇನ್ಸುಲಿನ್ ತುಂಬಿ ತುಳುಕೇತಿ, ತುಂಡ ಹೆಸರಿಗಷ್ಟ ಐತಿ. ಅಂದ್ರ ಹೊರಗಿಂದ ಚುಚ್ಯಾರ. ಬರಕೋರಿ."

"ಹೇಂಗ ಬರೀಲ್ರಿ?" ಸೋಮಲಿಂಗ ಕೇಳಿದ.

"ಕೊಡ್ರಿ ಇತ್ತ. ನಿಮ್ಮ ಕೈಯಾಗ ಬರೆಸಿದ್ರ ಮತ್ತ ಕುಂದಾ ಬರೀತೀರಿ."

ಕಾಗದ ಕಸಿದುಕೊಂಡು ಅವಳೇ ಬರೆದಳು. ದುಂಡಪ್ಪನವರಿಗೆ ಬಾಯಿಯ ಮೂಲಕ ಇನ್ಸುಲಿನ್ ಕೊಟ್ಟು ಈ ಸ್ಥಿತಿಗೆ ತರುವುದು ಅಸಾಧ್ಯ. ಸೋಮವಾರ ಬೆಳಿಗ್ಗೆ ಪೂಜೆಗೆ ಮುಂಚೆ ಅವರಿಗೆ ಸೂಜಿ ಚುಚ್ಚಿದ ಕೈಯೇ ಅಪರಾಧಿಯ ಕೈ. ಕೊನೆಯ ಸಾಲಿನ ಕೆಳಗೆ ಎರಡು ಗೆರೆ ಎಳೆದು, ಹೆಸರು, ಪದವಿ, ತಾರೀಖು ಹಾಕಿ ಸಹಿ ಮಾಡಿದಳು. ಚುಚ್ಚಿದವನು ಕಲ್ಲಯ್ಯ ಎನ್ನುವುದರಲ್ಲಿ ಅವಳಿಗೆ ಅನುಮಾನವಿರಲಿಲ್ಲ. ಸೋಮವಾರ ಬೆಳಿಗ್ಗೆ ಮನೆಗೆ ಬಂದ ಹೊರಗಿನವನು ಅವನೊಬ್ಬನೇ ಎಂದು ಸಾಕ್ಷಿಯೂ ಲಾಕಪ್ಪಿನಲ್ಲಿ ಹೇಳಿದ್ದಳು; ಸೂಜಿಯ ಮಾತನ್ನು ಮಾತ್ರ ಎತ್ತಿರಲಿಲ್ಲ. ಅವನ ಹಿಂದೆ ನಿಂತವನು ಯಾರೆಂಬುದನ್ನು ಪಡಸಾಲೆಯ ಇಸ್ತ್ರಿ ಅಂಗಿಯಿಂದ ಕಕ್ಕಿಸುವುದು ಆಮೇಲಿನ ಕೆಲಸ.

ಹನ್ನೊಂದೂ ಇಪ್ಪತ್ತೈದು. ಸೋಮಲಿಂಗ ತಾನೇ ಅವಳ ಬೆರಳಿಗೆ ಸೂಜಿ ಚುಚ್ಚಿ, ಗ್ಲುಕೋಮೀಟರು ನೋಡಿದ. ನೂರಾ ಎರಡು.

"ಸಾಯಲಿಲ್ಲ ನೋಡ್ರಿ," ಅಂದಳು. "ಕಲ್ಲಯ್ಯನ್ನ ಕರಸ್ರಿ."

ಪೇದೆ ಕರೆತಂದ ಕಲ್ಲಯ್ಯ ಐವತ್ತೈದರ ತೆಳ್ಳನೆಯ ಆಳು. ಬೆಳಗಾವಿಯ ಯಾವುದೋ ದವಾಖಾನೆಯಲ್ಲಿ ಕಂಪೌಂಡರನಾಗಿದ್ದು, ಈಗ ಖಾನಾಪುರದಲ್ಲಿ ತನ್ನ ಅಂಗಡಿಯ ಮುಂದೆ ಡಾಕ್ಟರು ಎಂದು ಬೋರ್ಡು ಹಾಕಿಕೊಂಡವನು. ಕೊರಳಿನ ಸ್ಟೆಥಾಸ್ಕೋಪನ್ನು ನೋಡಿಯೇ ರತ್ನಮಾಲಾ ಮೂಗು ಮುರಿದಳು.

"ಕಲ್ಲಯ್ಯಾವ್ರ, ಬಿ ಹನ್ನೆರಡರ ಬಣ್ಣ ಯಾವುದ್ರಿ?"

"ಕೆಂಪ್ರಿ."

"ಸೋಮವಾರ ಯಜಮಾನ್ರಿಗೆ ಚುಚ್ಚಿದ್ದು ಯಾವ ಬಣ್ಣದ್ದು?"

"ಸೋಮವಾರ?" ಕಲ್ಲಯ್ಯ ಅವಳನ್ನೂ ಸೋಮಲಿಂಗನನ್ನೂ ನೋಡಿದ. "ಸೋಮವಾರ ನಾ ಎಲ್ಲಿ ಬಂದೆನ್ರಿ? ನಾ ಲೋಂಡಾದಾಗಿದ್ದೆ. ತಂಗಿ ಮಗಳು ಬಸರಿ, ಆಕಿ ಕುಬಸ ಇತ್ತು. ರವಿವಾರ ಸಂಜಿ ಗಾಡಿಗೆ ಹ್ವಾದಾಂವ ಮಂಗಳವಾರ ಬಂದೀನಿ. ಬೇಕಾದ್ರ ಐವತ್ತ ಮಂದೀನ್ನ ಕೇಳ್ರಿ."

"ಸುಳ್ಳ ಹೇಳಬ್ಯಾಡ್ರಿ. ಸೂಜಿ ಆಗೇತಿ. ಸಿರಿಂಜ ಇಲ್ಲೈತಿ."

"ಆಗಿರಬೇಕ್ರಿ. ಆದ್ರ ನಾ ಮಾಡಿಲ್ಲ. ನನಗ ಬರಬ್ಯಾಡ್ರಿ ಅಂತ ಹೇಳಿದ್ರಲ್ಲ."

"ಯಾರು ಹೇಳಿದ್ರು?"

ಕಲ್ಲಯ್ಯ ಜೇಬಿನಿಂದ ಫೋನು ತೆಗೆದ. ಬೆರಳಿನಿಂದ ಮೇಲೆ ಕೆಳಗೆ ಸರಿಸಿ, ಒಂದು ಕಡೆ ಒತ್ತಿ, ಫೋನನ್ನು ಊಟದ ಮೇಜಿನ ಮೇಲಿಟ್ಟ. ರವಿವಾರ ಮಧ್ಯಾಹ್ನದ ಧ್ವನಿಸಂದೇಶ. ಅಡಿಗೆಮನೆಯಲ್ಲಿ ಎಲ್ಲರಿಗೂ ಕೇಳುವಷ್ಟು ಸ್ಪಷ್ಟವಾಗಿತ್ತು.

"ಅಯ್ಯಾರ, ನಾ ಸಾಕ್ಷಿರಿ. ನಾಳೆ ನೀವು ಬರೂದ ಬ್ಯಾಡ. ಮಾವಾರಿಗೆ ನಾನ ಸೂಜಿ ಮಾಡತೀನಿ. ಅತ್ತಿಯವ್ರಿಗೆ ದಿನಾ ಮಾಡತೀನಲ್ಲ, ರೂಢಿ ಐತಿ. ಮನ್ಯಾಗ ಯಾರಿಗೂ ಹೇಳಬ್ಯಾಡ್ರಿ, ಮಾವಾರು ಸುಮ್ಮ ಅಂಜತಾರ."

ಗಂಗಾದೇವಿ ಬಾಯಿಗೆ ಸೆರಗು ಒತ್ತಿಕೊಂಡರು. ಪಡಸಾಲೆಯಲ್ಲಿ ಬಸವಪ್ರಸಾದ ಮೊಬೈಲು ತಿಕ್ಕುವುದನ್ನು ನಿಲ್ಲಿಸಿ ಕಿವಿ ಇತ್ತ ಕೊಟ್ಟಿದ್ದ.

"ಇದನ್ನ ಮೊದಲ ಯಾಕ ಹೇಳಲಿಲ್ಲ?" ರತ್ನಮಾಲಾ ಕೇಳಿದಳು.

"ಯಾರೂ ಕೇಳಲಿಲ್ರಿ. ಎಲ್ಲಾರೂ ಕುಂದಾ ಕುಂದಾ ಅನ್ನಾಕ ಹತ್ತಿದ್ರು."

ಲಾಕಪ್ಪಿನ ಸರಳುಗಳ ಆಚೆ ಕೂತು, ಕಣ್ಣಲ್ಲಿ ಕಣ್ಣಿಟ್ಟು ಆ ಹುಡುಗಿ ಹೇಳಿದ್ದು ಸುಳ್ಳು. ಬೇರೆ ಯಾರಿಗೋ ಅಲ್ಲ, ತನಗೆ. ರತ್ನಮಾಲಾ ಮೇಜಿನ ಕಡೆ ಕೈ ಚಾಚಿದಳು.

"ಆ ಕಾಗದ ಇತ್ತ ಕೊಡ್ರಿ ಸಾಹೇಬ್ರ. ಇನ್ನೊಂದ ಮಾತ ಸೇರಸೂದೈತಿ."

ಸೋಮಲಿಂಗ ಅವಳಿಗಿಂತ ಮುಂಚೆ ಅದನ್ನು ಎತ್ತಿಕೊಂಡ. ನಾಲ್ಕು ಮಡಿಕೆ ಮಾಡಿದ. ಜೇಬಿಗೆ ಹಾಕಿ ಗುಂಡಿ ಹಚ್ಚಿದ.

"ಸಾಕ್ರಿ ಮೇಡಂ. ಇದರಾಗ ಏನೂ ಕಮ್ಮಿ ಇಲ್ಲ. ಕುಂದಾ ಕೇಸು ಕೋರ್ಟಿನಾಗ ನಿಲ್ಲತಿರಲಿಲ್ಲ. ಇದು ನಿಲ್ಲತೈತಿ. ಉಪಕಾರ ಆತ್ರಿ ನಿಮ್ಮಿಂದ."

ಅವನು ಟೊಪ್ಪಿಗೆ ತೊಟ್ಟು ಬಾಗಿಲವರೆಗೆ ಹೋದವನು ತಿರುಗಿ ನಿಂತ. ಈಗ ಅವನು ಅವಳನ್ನು ಕಾಲಿನಿಂದ ತಲೆಯವರೆಗೆ ನೋಡಿದ.

"ಒಂದ ಮಾತ ಕೇಳಲೇನ್ರಿ? ಕುಡಿಸಿದ್ರ ಸಾಯೂದಿಲ್ಲ, ಚುಚ್ಚಿದ್ರ ಸಾಯತಾರ. ಇದು ಗೊತ್ತಿದ್ದವ್ರು ಈ ಮನ್ಯಾಗ ಒಬ್ಬರ. ಅವ್ರಿಗೆ ಕಲಿಸಿದವ್ರು ಯಾರ್ರಿ?"

ರತ್ನಮಾಲಾ ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. ಅಂಗಳದಲ್ಲಿ ಜೀಪು ಚಾಲೂ ಆಗಿ, ಅವಳ ಸಹಿಯನ್ನು ಹೊತ್ತುಕೊಂಡು ಕೋರ್ಟಿನ ಕಡೆ ಹೊರಟಿತು.